ಕೊಡದೊಳಗಿನ ಇತಿಹಾಸ

ಗಜೇಂದ್ರಗಡದ ಹತ್ತಿರ ಸೂಡಿಯಲ್ಲಿ ಚಾಲುಕ್ಯರ ಕಾಲದ ನಾಗಕುಂಡ ಐತಿ. ಆ ಸೀಮೆ ಆಳಿದ ಅಕ್ಕಾದೇವಿಯ ಹೆಸರು ಶಾಸನದಾಗ ಉಳಿದೈತಿ. ಮಣ್ಣು ಹೊತ್ತವರ ಹೆಸರು? ನಮ್ಮ ನೀರಿನ ಇತಿಹಾಸ ಕಟ್ಟಿಸಿದವರದು, ಅಗೆದವರದಲ್ಲ. ಬಾವಿಯಿಂದ ದೂರ ನಿಂತು 'ಒಂದು ಕೊಡ ಹಾಕ್ರಿ ಯಪ್ಪಾ' ಅಂದವರದಂತೂ ಅಲ್ಲವೇ ಅಲ್ಲ.

1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ ಕೆರೆಯ ನೀರು ಕುಡಿದು ಆ ದೂರವನ್ನು ಮುರಿದರು. 1980ರ ಜುಲೈ 21ರಂದು ಮಲಪ್ರಭಾ ಕಾಲುವೆಯ ಕರದ ವಿರುದ್ಧ ನರಗುಂದದ ರೈತರು ಸಿಡಿದೆದ್ದರು. ಗೋಲಿಬಾರ್ ಆಯಿತು, ಜೀವ ಹೋದವು. ಅದು ಹೊಲದ ನೀರಿನ ಹೋರಾಟ. ಹೊಲ ಇಲ್ಲದವರ ಕೊಡದ ಕತೆ ಬೇರೆ.

1970ರ ದಶಕದಲ್ಲಿ ಬರದ ಬೆನ್ನಿಗೆ ಕೊರೆಯುವ ಯಂತ್ರ ಬಂತು, ಇಂಡಿಯಾ ಮಾರ್ಕ್ 2 ಕೈಪಂಪು ಬಂತು. ಪಂಪು ಬಂದ ಕೇರಿಯ ಹೆಣ್ಣುಮಕ್ಕಳು ಯಾರಿಗೂ ಕೈಮುಗಿಯದೆ ಕೊಡ ತುಂಬಿದರು. ಇದೇನು ಸಣ್ಣ ಬಿಡುಗಡೆ ಅಲ್ಲ. ಆದರೆ ರೋಣ, ಗಜೇಂದ್ರಗಡದ ಕಡೆ ಆಳದ ಬಂಡೆ ಬಿಟ್ಟುಕೊಟ್ಟ ನೀರಿನೊಳಗೆ ಫ್ಲೋರೈಡ್ ಇತ್ತು. ಲೀಟರಿಗೆ 1.5 ಮಿಲಿಗ್ರಾಂ ಮಿತಿ. ಹಲವು ಬೋರುಗಳಲ್ಲಿ ಅದು ಮೀರಿತು. ಮಕ್ಕಳ ಹಲ್ಲು ಕಂದಿದವು, ಹಿರೇರ ಎಲುಬು ಬಿಗಿದವು. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ಇನ್ನೂ ಘೋರ: ಹಳೆಯ ಚಿನ್ನದ ಗಣಿಯ ಆ ಸೀಮೆಯ ಬೋರಿನಲ್ಲಿ ಆರ್ಸೆನಿಕ್ ಸಿಕ್ಕಿತು. ಚಿನ್ನ ಯಾರ ಕೊರಳಿಗೆ, ವಿಷ ಯಾರ ಗಂಟಲಿಗೆ?

ಇದಕ್ಕೆ ಮದ್ದು ಅಮೆರಿಕದ ಪ್ರಯೋಗಶಾಲೆಯೊಂದರಲ್ಲಿ ಹುಟ್ಟಿತ್ತು. 1959-60ರ ಹೊತ್ತಿಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಲೋಬ್ ಮತ್ತು ಭಾರತದಲ್ಲಿ ಹುಟ್ಟಿದ ಸೌರಿರಾಜನ್ ಸೆಲ್ಯುಲೋಸ್ ಅಸಿಟೇಟ್‌ನ ಪೊರೆ ಮಾಡಿದರು. ಮುಂದೆ ಪಾಲಿಅಮೈಡ್ ಪೊರೆ ಬಂತು. ಒತ್ತಡ ಹಾಕಿದರೆ ನೀರು ಪೊರೆ ದಾಟುತ್ತದೆ; ಉಪ್ಪು, ಫ್ಲೋರೈಡ್, ಸೀಸ, ಕ್ಯಾಡ್ಮಿಯಂ ಬಹುಪಾಲು ಹಿಂದೆ ಉಳಿಯುತ್ತವೆ. ಆರ್ಸೆನಿಕ್‌ನ ಒಂದು ರೂಪ ಮಾತ್ರ ಸುಲಭಕ್ಕೆ ನುಸುಳುತ್ತದೆ. ಅದನ್ನು ಮೊದಲು ಆಮ್ಲಜನಕ ಕೂಡಿಸಿ ಬದಲಿಸಿಕೊಳ್ಳಬೇಕು.

2010ರ ದಶಕದಲ್ಲಿ ಸರ್ಕಾರ ಇದೇ ಪೊರೆಯನ್ನು 'ಶುದ್ಧ ಕುಡಿಯುವ ನೀರಿನ ಘಟಕ' ಅಂತ ಹಳ್ಳಿಗಳಿಗೆ ತಂತು. ನಾಣ್ಯ ಹಾಕಿದರೆ ಕ್ಯಾನು ತುಂಬುತ್ತದೆ. ಒಳ್ಳೆಯದೇ. ಆದರೆ ಪೊರೆ ವಿಷವನ್ನು ಕೊಲ್ಲುವುದಿಲ್ಲ, ಬೇರೆ ಮಾಡುತ್ತದೆ ಅಷ್ಟೆ. ಹಿಂದುಳಿದ ನೀರಿನಲ್ಲಿ ಅದೇ ವಿಷ ಗಟ್ಟಿಯಾಗಿರುತ್ತದೆ. ಆ ನೀರು ಯಾವ ಗಟಾರಕ್ಕೆ, ಯಾರ ಮನೆಯ ಮುಂದೆ ಹರಿಯುತ್ತದೆ? ಪೊರೆ ಕಟ್ಟಿಕೊಂಡಾಗ ಬದಲಿಸುವವರು ಯಾರು? ನಾಣ್ಯವಿಲ್ಲದ ದಿನ ಕೂಲಿಯವಳು ಎಲ್ಲಿಗೆ ಹೋಗಬೇಕು? ಮತ್ತೆ ಅದೇ ಕೈಪಂಪಿಗೆ.

ಗೆಳೆಯರೇ, ಪೊರೆಗೆ ಜಾತಿ ಗೊತ್ತಿಲ್ಲ. ಘಟಕದ ಜಾಗ ಗುರುತಿಸುವವರಿಗೆ, ಬೀಗದ ಕೀಲಿ ಹಿಡಿದವರಿಗೆ ಗೊತ್ತಿರುತ್ತದೆ. ಅದಕ್ಕೇ ಕೇಳೋಣ: ನೀರಿನ ಪರೀಕ್ಷೆಯ ಅಂಕಿ ಘಟಕದ ಗೋಡೆ ಮೇಲೆ ಕನ್ನಡದಾಗ ಬರೀರಿ. ಕುಡಿಯುವಷ್ಟು ನೀರು ಪುಕ್ಕಟೆ ಕೊಡ್ರಿ. ಒಂದು ಕೀಲಿ ಕೇರಿಯವರ ಕೈಯಾಗ ಇರಲಿ.