ಮೀನಿನ ಕಿವಿ, ಶ್ರಾವಕನ ವ್ರತ

ಮೀನು ಕಿವುಡೆಂದು 20ನೆಯ ಶತಮಾನದ ಆರಂಭದಲ್ಲಿಯೂ ಪಾಶ್ಚಾತ್ಯ ಪಂಡಿತರಲ್ಲಿ ಹಲವರು ನಂಬಿದ್ದರು. 1923ರಲ್ಲಿ ಆಸ್ಟ್ರಿಯದ ಜೀವವಿಜ್ಞಾನಿ ಕಾರ್ಲ್ ಫಾನ್ ಫ್ರಿಷ್ ಅವರು ಪ್ರಕಟಿಸಿದ ಪ್ರಯೋಗವು ಆ ನಂಬಿಕೆಯನ್ನು ಅಲುಗಿಸಿತು. ಕುರುಡಾಗಿಸಿದ ಬೆಕ್ಕುಮೀನೊಂದಕ್ಕೆ ಆಹಾರವಿಡುವಾಗಲೆಲ್ಲ ಅವರು ಸಿಳ್ಳೆ ಹಾಕುತ್ತಿದ್ದರು. ಕೆಲವು ದಿನಗಳಲ್ಲಿ ಅದು ಬರಿಯ ಸಿಳ್ಳೆಗೇ ಹೊರಬರತೊಡಗಿತು. (ಕಣ್ಣು ಕಳೆದು ಕಿವಿಯನ್ನು ಅರಿಯುವುದು ಎಂಥ ಅರಿವೋ!)

ಜೈನಾಗಮವಾದರೋ ಮೀನನ್ನು ಪಂಚೇಂದ್ರಿಯ ಜೀವಿಯೆಂದೇ ಗಣಿಸಿದೆ. 10ನೆಯ ಶತಮಾನದಲ್ಲಿ ಚಾವುಂಡರಾಯನಿಗಾಗಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ರಚಿಸಿದ ಗೊಮ್ಮಟಸಾರವು, ಕಲಿಕೆಯನ್ನು ಗ್ರಹಿಸಬಲ್ಲ ಜೀವವನ್ನು ಸಂಜ್ಞಿ, ಎಂದರೆ ಮನಸ್ಸುಳ್ಳದ್ದು, ಎನ್ನುತ್ತದೆ. ಬಳೆಯೊಳಗೆ ನುಸುಳಲು, ಚೆಂಡು ತಳ್ಳಲು ಮೀನಿಗೆ ಕಲಿಸುವವನು ಅದಕ್ಕೆ ಮನಸ್ಸುಂಟೆಂದು ಒಪ್ಪಿಯೇ ಆಟಿಕೆಯಾಗಿಸುತ್ತಾನೆ.

ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯವು ಅಹಿಂಸಾಣುವ್ರತಕ್ಕೆ ಹೇಳುವ ಅತಿಚಾರಗಳು ಐದು: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಗಾಜಿನ ತೊಟ್ಟಿಯೇ ಬಂಧ. ಆಟ ತೋರಿಸುವವರೆಗೆ ಆಹಾರ ತಡೆದರೆ ಅನ್ನಪಾನನಿರೋಧವೂ ಲೆಕ್ಕಕ್ಕೆ ಸೇರುತ್ತದೆ.

ಮನೆಯಲ್ಲಿ ಈಗಾಗಲೇ ಮೀನಿರುವವರು ಅದನ್ನು ಕೆರೆಗೆ ಬಿಟ್ಟು ಪುಣ್ಯವೆಣಿಸಲಾಗದು. ಅನ್ಯನೆಲದ ಮೀನು ತಾನೂ ಸತ್ತೀತು, ಅಲ್ಲಿನ ಜೀವಿಗಳಿಗೂ ಕೇಡು ತಂದೀತು. ಶುದ್ಧ ನೀರು, ಆಟದ ಹಂಗಿಲ್ಲದೆ ವೇಳೆಗೆ ಸರಿಯಾಗಿ ಆಹಾರ, ಅದರ ಆಯುಷ್ಯ ತೀರಿದ ಬಳಿಕ ಹೊಸದನ್ನು ಕೊಳ್ಳದಿರುವುದು, ಇವಿಷ್ಟು ಶ್ರಾವಕನಿಂದ ಸಾಧ್ಯ.