ಕೈಯಾಗೊಂದು ಪಿಶವಿ

2024ರ ಫೆಬ್ರುವರಿ ಕೊನೆಗೆ ನಾವು ಮೂವರು ಗೆಳತಿಯರು ಮೂರು ದಿನದ ಮಟ್ಟಿಗೆ ಮುಂಬೈ ನೋಡಿ ಬರುವುದೆಂದು ಠರಾಯಿಸಿದೆವು. ಮೂವರೂ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಲಗ್ನವಿಲ್ಲ, ಬಾಣಂತನವಿಲ್ಲ, ದವಾಖಾನೆಯಿಲ್ಲ. ಸುಮ್ಮನೆ ಊರು ನೋಡುವುದು. ಏಕಸಂಬಿಯ ನಮ್ಮ ಓಣಿಯಲ್ಲಿ ಈ ಸುದ್ದಿ ಹಬ್ಬಿದ ಮೇಲೆ ಬಂದವರೆಲ್ಲ ಒಂದೇ ಪ್ರಶ್ನೆ ಕೇಳಿದರು. "ಯಾರ ಮನಿಗೆ ಹೊಂಟೀರಿ?" ಯಾರ ಮನೆಗೂ ಅಲ್ಲ, ಲಾಡ್ಜಿನಲ್ಲಿ ಇಳಿಯುತ್ತೇವೆ ಎಂದರೆ ಒಂದು ಗಳಿಗೆ ಸುಮ್ಮನಾಗಿ, "ಹೌದನ?" ಎಂದು ಹೋಗುತ್ತಿದ್ದರು.

ಪುಣೆಯಲ್ಲಿರುವ ಮಗಳಿಗೆ ಫೋನು ಮಾಡಿದರೆ ಆಕೆಯ ಪ್ರಶ್ನೆ ಬೇರೆ. "ಅವ್ವಾ, ಸಾಮಾನ ಎಷ್ಟ ಒಯ್ತೀ?" ನಾನು ಎಣಿಸತೊಡಗಿದೆ. ಅರ್ಧಕ್ಕೇ ತಡೆದಳು. "ಒಂದ ಬ್ಯಾಗ. ನೀನ ಎತ್ತಿ ಮೂರ ಜಿನಾ ಏರೂವಷ್ಟ. ಹಮಾಲನ್ನ ಕರೀಬಾರದು, ಮಂದಿಗೆ ಸ್ವಲ್ಪ ಹಿಡೀರಿ ಅನಬಾರದು. ಬೇಕಾದ್ರ ನನ್ನ ಸಣ್ಣ ಟ್ರಾಲಿ ಕಳಸ್ತೇನಿ." ಪಕ್ಕದಲ್ಲೇ ಕೂತಿದ್ದ ನಮ್ಮವ್ವನಿಗೆ ಕೊನೆಯ ಮಾತಷ್ಟೇ ಕೇಳಿಸಿತು. ನಮ್ಮ ಕಡೆ ಟ್ರಾಲಿ ಎಂದರೆ ಟ್ರ್ಯಾಕ್ಟರಿನ ಹಿಂದೆ ಕಬ್ಬು ಹೇರುವುದು. "ಮೂರ ದಿನಕ್ಕ ಟ್ರಾಲಿ ಯಾಕ ಬೇ?" ಎಂದು ಗಾಬರಿಯಾದಳು.

ಅವ್ವ ಮುಂಬೈಗೆ ಹೋದದ್ದು ಒಮ್ಮೆ, 1974ರಲ್ಲಿ. ನನಗಾಗ ಹನ್ನೆರಡು ವರ್ಷ. ಆ ಸಾಮಾನು ಕಟ್ಟಿದ್ದು ಇವತ್ತಿಗೂ ಕಣ್ಣ ಮುಂದಿದೆ. ಮುಂಬೈ ಎಂದರೆ ನಮ್ಮ ಹಿರಿಯರಿಗೆ ಪರದೇಶವೇನಲ್ಲ. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರುವವರೆಗೆ ಅದೇ ನಮ್ಮ ರಾಜಧಾನಿ. ಇಂದಿಗೂ ನಮಗೆ ಬೆಂಗಳೂರಿಗಿಂತ ಮುಂಬೈಯೇ ಹತ್ತಿರ. ರಟ್ಟೆಯಲ್ಲಿ ಬಲವಿದ್ದ ಗಂಡಸರು ಅಲ್ಲಿಯ ಬಟ್ಟೆ ಗಿರಣಿಗಳಿಗೆ ಹೋಗುತ್ತಿದ್ದರು. ನಮ್ಮ ಕಾಕಾ ಹಾಗೆ ಪರೇಲಿಗೆ ಹೋದವನು. ಕಾಕೂನ ಬಾಣಂತನಕ್ಕೆಂದು ಅವ್ವನನ್ನು ಕರೆಸಿಕೊಂಡರು.

ಏನೇನು ಕಟ್ಟಿದರು, ಕೇಳಿ. ಅವ್ವನ ಮದುವೆಯ ತಗಡಿನ ಟ್ರಂಕು, ಮುಚ್ಚಳದ ಮೇಲೆ ಗುಲಾಬಿ ಹೂವು ಬರೆದದ್ದು. ಅದರೊಳಗೆ ಅಂಟಿನುಂಡಿಯ ಡಬ್ಬಿ, ಕೂಸಿಗೆ ಹಳೇ ಧೋತರದ ಬಟ್ಟೆಗಳು, ಕಾಕೂಗೆ ಇಳಕಲ್ ಸೀರೆ, ಬಜೆಯ ತುಂಡು, ಒಣಶುಂಠಿ. ಗೋಣಿಚೀಲದಲ್ಲಿ ಬೆಲ್ಲದ ಪೆಂಟೆ. ಬಿಳಿ ಅರಿವೆಯ ಗಂಟಿನಲ್ಲಿ ಕಟಕರೊಟ್ಟಿ, ಶೇಂಗಾದ ಹಿಂಡಿ, ಗುರೆಳ್ಳಿನ ಹಿಂಡಿ. ಅದು ಕಾಕಾನಿಗಷ್ಟೇ ಅಲ್ಲ, ಅವನ ಖೋಲಿಯಲ್ಲಿದ್ದ ಊರ ಹುಡುಗರೆಲ್ಲರಿಗೆ. ಅವರಲ್ಲೊಬ್ಬನ ತಾಯಿ ಸಾಯಂಕಾಲ ಬಂದು ಮಗನಿಗೆಂದು ಹೊಸ ಚಪ್ಪಲಿ ಜೋಡು ಕೊಟ್ಟುಹೋದಳು. ಊರ ಕಡೆ ಮಾಡಿದ್ದು, ಹೆಸರು ಮಾತ್ರ ಕೊಲ್ಹಾಪುರಿ. (ಆ ಹೆಸರಿನಲ್ಲಿ ಅಥಣಿ, ನಿಪ್ಪಾಣಿ ಕಡೆಯವರ ಕೈಗೆಲಸಕ್ಕೂ ಪಾಲಿದೆ ಎಂದು ಕಾಗದದ ಮೇಲೆ ಬಂದದ್ದು 2019ರಲ್ಲಿ, ಭೌಗೋಳಿಕ ಸೂಚಿಕೆ ಎರಡೂ ರಾಜ್ಯಗಳ ನಾಲ್ಕು ನಾಲ್ಕು ಜಿಲ್ಲೆಗಳಿಗೆ ಸಿಕ್ಕಾಗ.) ಕೊನೆಗೆ ವಳಕಟಿ, ಅಂದರೆ ಸುತ್ತಿದ ಹಾಸಿಗೆ. ಅದಕ್ಕೆ ಮಾಸ್ತರರ ಮನೆಯಿಂದ ಹೋಲ್ಡಾಲ್ ಕಡ ತಂದದ್ದಾಯಿತು.

ಈಗಿನ ಹುಡುಗಿಯರು ಹೋಲ್ಡಾಲ್ ನೋಡಿರಲಿಕ್ಕಿಲ್ಲ. ದಪ್ಪ ಕ್ಯಾನ್ವಾಸು, ಎರಡು ಕಡೆ ಜೇಬು, ಚರ್ಮದ ಪಟ್ಟಿ. ಹಾಸಿಗೆ ಬಿಚ್ಚಿ ಮಲಗುವುದು, ಬೆಳಿಗ್ಗೆ ಸುತ್ತಿ ಬಿಗಿಯುವುದು. ಅದು ಶೋಕಿಯಲ್ಲ; ಆಗ ಎರಡನೇ ದರ್ಜೆಯ ರೈಲಿನಲ್ಲಿ ಮಲಗುವ ಜಾಗವೆಂದರೆ ಬರೀ ಕಟ್ಟಿಗೆಯ ಹಲಗೆ. 1977ರಿಂದ 79ರವರೆಗೆ ರೈಲ್ವೆ ಮಂತ್ರಿಯಾಗಿದ್ದ ಕೊಂಕಣದ ಮಧು ದಂಡವತೆಯವರು ಆ ಹಲಗೆಗಳಿಗೆ ಎರಡಿಂಚಿನ ಫೋಮು ಹಾಕಿಸಲು ಶುರುಮಾಡಿದರು. ಅದಾದ ಮೇಲೆ ವಳಕಟಿ ನಿಧಾನವಾಗಿ ಮಾಯವಾಯಿತು. ಹೆಂಗಸರ ತಲೆಯ ಮೇಲಿನ ಒಂದು ಹೊರೆಯನ್ನು ಇಳಿಸಿದ ಪುಣ್ಯ ಅವರಿಗೆ ಸಲ್ಲಬೇಕು. ರೈಲ್ವೆಯ ಇತಿಹಾಸ ಬರೆಯುವವರು ಎಂಜಿನುಗಳ ಬಗ್ಗೆ ಬರೆದಷ್ಟು ಇಂಥ ಸಂಗತಿಗಳ ಬಗ್ಗೆ ಬರೆಯುವುದಿಲ್ಲ.

ರೈಲು ನಮ್ಮ ಸೀಮೆಗೆ ಬಂದದ್ದು 1880ರ ದಶಕದ ಕೊನೆಗೆ. ಮಿರಜದಿಂದ ಕೊಲ್ಹಾಪುರಕ್ಕೆ 1891ರಲ್ಲಿ. ಅದಕ್ಕೆ ಮೊದಲು ಚಕ್ಕಡಿ, ಇಲ್ಲವೇ ಕಾಲ್ನಡಿಗೆ. ನಡೆಯುವವರ ಸಾಮಾನು ತಾನಾಗಿಯೇ ಕಡಿಮೆ. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಒಂದು ಗಂಟು, ಅಷ್ಟೆ. ಪಂಢರಪುರದ ವಾರಿಗೆ ಹೋಗುವವರು ಇಂದಿಗೂ ಹಾಗೆಯೇ ಹೋಗುತ್ತಾರೆ. ರೈಲು ಬಂದು ಹೊರೆ ಹೊರುವ ಕೆಲಸ ಎಂಜಿನಿಗೆ ಬಿತ್ತು ನೋಡಿ, ಆಗ ಟ್ರಂಕು ದೊಡ್ಡದಾಯಿತು. ಆದರೆ ಎಂಜಿನು ನಿಲ್ದಾಣದಿಂದ ನಿಲ್ದಾಣಕ್ಕೆ ಮಾತ್ರ ಹೊರುತ್ತದೆ. ಮೊದಲು ಪುಣೆಯವರೆಗೆ ಸಣ್ಣ ಹಳಿ, ಅಲ್ಲಿ ಇಳಿದು ಮುಂಬೈಗೆ ದೊಡ್ಡ ಗಾಡಿ ಹಿಡಿಯಬೇಕಿತ್ತು. 1971ರಲ್ಲಿ ಕೊಲ್ಹಾಪುರ-ಮಿರಜ-ಪುಣೆ ಹಳಿ ಅಗಲವಾಗಿ, ಮುಂಬೈಗೆ ನೇರ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಬಂತು. ಬೆಳಗಾವಿ ಕಡೆಯಿಂದ ಬರುವವರು ಮಾತ್ರ ಮಿರಜದಲ್ಲಿ ಗಂಟುಮೂಟೆ ಇಳಿಸಿ ಗಾಡಿ ಬದಲಿಸುವುದು 1990ರ ದಶಕದವರೆಗೂ ನಡೆಯಿತು. ಅವ್ವ ಹೋದದ್ದು ಆ ಮಹಾಲಕ್ಷ್ಮಿಯಲ್ಲೇ. ಐದು ನಗ ಸಾಮಾನು ಎಣಿಸುತ್ತ ರಾತ್ರಿಯಿಡೀ ಎಚ್ಚರವಿದ್ದಳಂತೆ.

ಮೂರು ತಿಂಗಳ ಮೇಲೆ ತಿರುಗಿ ಬಂದಳು. ಟ್ರಂಕು ಹೋಗುವಾಗಿನಷ್ಟೇ ಭಾರ. ಕಾಕಾ ಕೊಟ್ಟ ಗಿರಣಿಯ ಕಟ್‌ಪೀಸುಗಳು, ಇಡೀ ಓಣಿಗೆ ಹಂಚಲು ಪ್ಲಾಸ್ಟಿಕ್ ಬಾಚಣಿಗೆ, ಪಿನ್ನು, ನನಗೊಂದು ಕಂಪಾಸ್ ಪೆಟ್ಟಿಗೆ. ನಾವೆಲ್ಲ ಸುತ್ತ ಕೂತು ಕೇಳಿದೆವು, "ಸಮುದ್ರ ಹೆಂಗ ಐತಿ?" ಅವ್ವ ಬಟ್ಟೆ ಮಡಿಸುತ್ತ ಅಂದಳು: "ಎಲ್ಲಿ ಸಮುದ್ರ? ನೋಡಾಕ ಪುರಸೊತ್ತ ಎಲ್ಲಿತ್ತು?"

ಐದು ನಗಗಳಲ್ಲಿ ಅವ್ವನವು ಎಂದರೆ ಎರಡು ಸೀರೆ, ಎರಡು ಕುಪ್ಪಸ, ಎಲೆ-ಅಡಿಕೆಯ ಸಂಚಿ. ಉಳಿದದ್ದೆಲ್ಲ ಹೋಗುವಾಗ ಆ ಊರಿನವರದು, ಬರುವಾಗ ಈ ಊರಿನವರದು. ಬರಿಗೈಲೆ ಹೋಗಬಾರದು, ಬರಿಗೈಲೆ ಬರಬಾರದು. ಗಂಡಸರಿಗೂ ಈ ಮಾತು ಅನ್ವಯಿಸುತ್ತದೆ ಎನ್ನಬಹುದು. ಆದರೆ ನಮ್ಮಪ್ಪ ಕೋರ್ಟು ಕೆಲಸಕ್ಕೆ ಬೆಳಗಾವಿಗೆ ಹೋಗುವಾಗ ಅವನ ಕೈಯಲ್ಲಿ ಕೊಡೆ ಬಿಟ್ಟು ಬೇರೇನೂ ಇರುತ್ತಿರಲಿಲ್ಲ.

ಬ್ಯಾಗು ತುಂಬಲು ಕೂತ ವಾರದಲ್ಲೇ, ಫೆಬ್ರುವರಿ 18ರಂದು, ಛತ್ತೀಸಗಡದ ಡೊಂಗರಗಡದಲ್ಲಿ ಆಚಾರ್ಯ ವಿದ್ಯಾಸಾಗರ ಮುನಿಗಳು ಸಲ್ಲೇಖನದಿಂದ ದೇಹ ಬಿಟ್ಟ ಸುದ್ದಿ ಬಂತು. ಅವರು ನಮ್ಮ ನೆರೆಯ ಸದಲಗಾದ ಮಗ, 1946ರಲ್ಲಿ ಹುಟ್ಟಿದವರು. 1968ರಲ್ಲಿ ಅಜಮೇರದಲ್ಲಿ ದೀಕ್ಷೆ ಪಡೆದ ಮೇಲೆ ಅವರ ಸಾಮಾನು ಎಂದರೆ ನವಿಲುಗರಿಯ ಪಿಂಛಿ ಮತ್ತು ಕಮಂಡಲು. ಅವರಿಗಿಂತ ಹಿಂದಿನ ತಲೆಮಾರಿನಲ್ಲಿ ಇದೇ ಸೀಮೆಯ ಭೋಜ ಗ್ರಾಮದ ಆಚಾರ್ಯ ಶಾಂತಿಸಾಗರರು ಅಷ್ಟೇ ಸಾಮಾನಿನೊಂದಿಗೆ ನಡೆದು ದೆಹಲಿಯವರೆಗೆ ಹೋಗಿಬಂದವರು. ಜೊತೆಗೆ ಬರಲಿದ್ದ ನನ್ನ ಗೆಳತಿ ಜೈನರ ಮನೆಯವಳು. ಎರಡು ದಿನ ಅವಳು ಯಾವ ಮಾತಿಗೂ ಬರಲಿಲ್ಲ. ಮೂರನೆಯ ದಿನ ಬಂದು ನನ್ನ ಹಾಸಿಗೆಯ ಮೇಲೆ ಹರಡಿದ್ದ ಆರು ಸೀರೆ ನೋಡಿದಳು. "ನಮ್ಮ ಆರ್ಯಿಕಾ ಮಾತಾಜಿಯವರು ಬಿಳಿ ಸೀರಿ ಮ್ಯಾಲ ಜೀವನ ತಗೀತಾರ. ನಿನಗ ಮೂರ ದಿನಕ್ಕ ಆರ ಬೇಕೇನ?" ಎಂದಳು. ಆ ದಾರಿ ಬೇರೆ, ನಮ್ಮ ಪ್ರವಾಸ ಬೇರೆ ಎಂದು ವಾದಿಸಬಹುದಿತ್ತು. ಸುಮ್ಮನೆ ನಾಲ್ಕನ್ನು ತೆಗೆದಿಟ್ಟೆ.

ಮಗಳು ಕಳಿಸಿದ ಗಾಲಿ ಬ್ಯಾಗನ್ನು ನಾನು ಒಯ್ಯಲಿಲ್ಲ. ಗಾಲಿಯ ಕಥೆ ಮೋಜಿನದು. ಬರ್ನಾರ್ಡ್ ಸ್ಯಾಡೋ ಎಂಬ ಅಮೆರಿಕದವನು 1970ರಲ್ಲಿ ಎರಡು ಭಾರದ ಪೆಟ್ಟಿಗೆ ಹೊತ್ತು ರಜೆಯಿಂದ ಮರಳುವಾಗ, ವಿಮಾನ ನಿಲ್ದಾಣದಲ್ಲಿ ಒಬ್ಬ ಕೆಲಸಗಾರ ಯಂತ್ರವೊಂದನ್ನು ಗಾಲಿಯ ಮೇಲೆ ನೂಕುವುದನ್ನು ಕಂಡನಂತೆ. 1972ರಲ್ಲಿ ಪೇಟೆಂಟು ಸಿಕ್ಕಿತು. ಆದರೆ ಅಂಗಡಿಯವರು ಮೊದಲು ತಿರಸ್ಕರಿಸಿದರು. ಗಂಡಸರು ಪೆಟ್ಟಿಗೆ ಎಳೆದುಕೊಂಡು ಹೋಗುವುದು ಮರ್ಯಾದೆಗೆ ಕಡಿಮೆ ಎಂಬ ಭಾವನೆ! 1987ರಲ್ಲಿ ರಾಬರ್ಟ್ ಪ್ಲಾಥ್ ಎಂಬ ಪೈಲಟ್ ಉದ್ದ ಹಿಡಿಕೆ ಹಾಕಿ ನೆಟ್ಟಗೆ ನಿಲ್ಲಿಸಿದ ಮೇಲೆ ಅದು ಎಲ್ಲರ ಕೈಗೂ ಬಂತು. ಗಾಲಿಗೆ ನುಣುಪು ನೆಲ ಬೇಕು. ನಮ್ಮ ಓಣಿಯ ಕಲ್ಲುಗಳ ಮೇಲೆ ಅದನ್ನು ಎಳೆದರೆ ನಾಯಿಗಳೆಲ್ಲ ಎದ್ದು ಬೊಗಳುತ್ತವೆ. ಖಾಲಿ ಬ್ಯಾಗೇ ಮೂರು ಕಿಲೋ ತೂಗುತ್ತಿತ್ತು. ವಿಮಾನದವರು ಕೈಸಾಮಾನಿಗೆ ಸಾಮಾನ್ಯವಾಗಿ ಕೊಡುವುದೇ ಏಳು ಕಿಲೋ. ರೈಲಿನ ಸ್ಲೀಪರ್ ಡಬ್ಬಿಯಲ್ಲಿ ನಲವತ್ತು ಕಿಲೋ ಪುಕ್ಕಟೆ ಒಯ್ಯಬಹುದು. ಒಯ್ಯಬಹುದು ಎಂದು ಒಯ್ಯಬೇಕೆಂದೇನೂ ಇಲ್ಲವಲ್ಲ.

ಹೆಗಲಿಗೆ ಹಾಕುವ ಬಟ್ಟೆಯ ಬ್ಯಾಗೊಂದನ್ನು ಆರಿಸಿದೆ. ಉಡುವುದೊಂದು ಬಿಟ್ಟು ಎರಡು ಹತ್ತಿ ಸೀರೆ. ಒಣಗುವುದಕ್ಕೆ ಒಂದು ತಾಸು ಸಾಕು. ಸೀರೆಯಷ್ಟು ಹಗುರ ಉಪಾಯ ಇನ್ನೊಂದಿಲ್ಲ. ಮಡಚಿದರೆ ಪುಸ್ತಕದಷ್ಟು ತೆಳ್ಳಗೆ, ರಾತ್ರಿ ಹೊದಿಕೆ, ಬಿಸಿಲಿಗೆ ನೆರಳು. ಗುಳಿಗೆ, ಕನ್ನಡಕ, ಆಧಾರ್ ಕಾರ್ಡು, ಫೋನಿನ ಚಾರ್ಜರ್, ಒಂದು ಪಂಚೆ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಇಟ್ಟರೆ ನಾಲ್ಕೂವರೆ ಕಿಲೋ.

ಇಷ್ಟು ಸುಲಭವಿದ್ದದ್ದು ಅವ್ವನಿಗೆ ಯಾಕೆ ಆಗಲಿಲ್ಲ ಎಂದು ಯೋಚಿಸಿದ್ದೇನೆ. ಇಪ್ಪತ್ತು ವರ್ಷಕ್ಕೊಮ್ಮೆ ಹೊರಡುವವಳು ಇಪ್ಪತ್ತು ವರ್ಷದ ಸಾಮಾನು ಕಟ್ಟುತ್ತಾಳೆ. ಮತ್ತೆ ಯಾವಾಗ ಹೋಗುವುದೋ, ಯಾರು ಕಳಿಸುತ್ತಾರೋ ಗೊತ್ತಿಲ್ಲ. ಕೊಡುವುದಿದ್ದರೆ ಈಗಲೇ, ತರುವುದಿದ್ದರೆ ಈಗಲೇ. 2023ರ ಮಾರ್ಚಿನಲ್ಲಿ ಮಹಾರಾಷ್ಟ್ರದ ಎಸ್.ಟಿ. ಬಸ್ಸುಗಳಲ್ಲಿ ಹೆಂಗಸರಿಗೆ ಅರ್ಧ ಟಿಕೀಟು ಆಯಿತು; ಜೂನ್ 11ರಿಂದ ಕರ್ನಾಟಕದೊಳಗಿನ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಪುಕ್ಕಟೆ. ಗಡಿಯ ಹೆಂಗಸರು ನಾವು, ಎರಡೂ ಕಡೆಯ ಲಾಭ ನಮಗೆ. ಆಮೇಲೆ ಬಸ್‌ಸ್ಟ್ಯಾಂಡಿನಲ್ಲಿ ನಾನು ಕಂಡದ್ದು ಇಷ್ಟು: ಮಗಳ ಮನೆಗೆ ಹೊರಟವರ ಪಿಶವಿಗಳು ಸಣ್ಣವಾದವು. ಉಳಿದದ್ದನ್ನು ಮುಂದಿನ ತಿಂಗಳು ಒಯ್ದರಾಯಿತು ಎನ್ನುತ್ತಾರೆ.

ಅವ್ವ ಒಮ್ಮೆ ಬಹಳ ಹಗುರವಾಗಿ ಹೊರಟದ್ದೂ ಉಂಟು. 2019ರ ಆಗಸ್ಟಿನಲ್ಲಿ. ಕೃಷ್ಣೆ, ದೂಧಗಂಗಾ, ವೇದಗಂಗಾ ಮೂರೂ ಒಮ್ಮೆಗೆ ಏರಿ, ನಿಪ್ಪಾಣಿಯ ಹತ್ತಿರ ಯಮಗರ್ಣಿಯಲ್ಲಿ ಪುಣೆ-ಬೆಂಗಳೂರು ಹೆದ್ದಾರಿಯೇ ಬಂದಾಯಿತಲ್ಲ, ಆಗ. ನನ್ನ ತವರು ಹೊಳೆಯ ದಂಡೆಯಲ್ಲಿದೆ. ರಾತ್ರಿ ಅಂಗಳಕ್ಕೆ ನೀರು ಬಂತೆಂದು ಟ್ರ್ಯಾಕ್ಟರ್ ಟ್ರಾಲಿಯಲ್ಲಿ ಎಲ್ಲರನ್ನೂ ಹತ್ತಿಸಿದರು. ಕಟ್ಟಿಕೊಳ್ಳಲು ಕಾಲು ತಾಸು ಕೊಟ್ಟರಂತೆ. ಬೆಳಿಗ್ಗೆ ನನ್ನ ಬಾಗಿಲಿಗೆ ಬಂದ ಅವ್ವನ ಕೈಯಲ್ಲಿದ್ದದ್ದು ಒಂದು ಪ್ಲಾಸ್ಟಿಕ್ ಪಿಶವಿ. ಹೊಲದ ಉತಾರ, ರೇಷನ್ ಕಾರ್ಡು, ಬಿ.ಪಿ. ಗುಳಿಗೆ, ಅಪ್ಪನ ಫೋಟೋ, ಮನೆಯ ಬೀಗದ ಕೈ. ಸೀರೆ ತಂದಿರಲಿಲ್ಲ, ಉಟ್ಟದ್ದು ತೊಯ್ದು ಮೈಗೆ ಅಂಟಿತ್ತು. ಗುಲಾಬಿ ಹೂವಿನ ಟ್ರಂಕು ಒಂಬತ್ತು ದಿನ ನೀರಿನಲ್ಲಿತ್ತು. ಅಂದಿನಿಂದ ಅವ್ವ ನನ್ನ ಜೊತೆಗೇ ಇದ್ದಾಳೆ.

ನೀನೂ ಬಾ ಎಂದು ಮುಂಬೈಗೆ ಕರೆದೆ. ಮೊಳಕಾಲು ತೋರಿಸಿದಳು. "ನೀ ನೋಡಿ ಬಾ." ಹೊರಡುವ ಮುಂಜಾನೆ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು, ಎಂಬತ್ತಾರರ ವಯಸ್ಸಿನಲ್ಲಿ. "ಅಲ್ಲಿ ಯಾರಿಗೆ ಕೊಡೂದೈತಿ ಅವ್ವಾ? ಲಾಡ್ಜಿನವಗ?" ಎಂದೆ. "ಯಾರಿಗೂ ಬ್ಯಾಡ. ನೀ ತಿನ್ನು." ಹನ್ನೆರಡು ರೊಟ್ಟಿ, ಹಿಂಡಿಯ ಪುಡಿಕೆ. ಒಂದು ಸೀರೆ ತೆಗೆದಿಟ್ಟು ಆ ಜಾಗದಲ್ಲಿ ಬುತ್ತಿ ಇಟ್ಟೆ.

ಮಹಾಲಕ್ಷ್ಮಿಯಲ್ಲಿ ಬ್ಯಾಗು ತಲೆದಿಂಬಾಯಿತು, ಕಣ್ತುಂಬ ನಿದ್ದೆ ಬಂತು. ಮುಂಬೈಯಲ್ಲಿ ಲೋಕಲ್ ಗಾಡಿಯ ಹೆಂಗಸರ ಡಬ್ಬಿಯನ್ನು ನಾವು ಮೂವರು ಓಡುತ್ತ ಹತ್ತಿದೆವು. ಅರವತ್ತು ದಾಟಿದ ಮೇಲೆ ನಾನು ಓಡಿದ್ದು ಅದೇ ಮೊದಲು. ಪರೇಲಿಗೂ ಹೋಗಿಬಂದೆವು. 1982ರ ಜನವರಿಯಲ್ಲಿ ದತ್ತಾ ಸಾಮಂತರ ಮುಂದಾಳತ್ವದ ಗಿರಣಿ ಮುಷ್ಕರ ಶುರುವಾದ ಮೇಲೆ ಕಾಕಾ ಒಂದೇ ಟ್ರಂಕು ಹೊತ್ತು ಊರಿಗೆ ಬಂದುಬಿಟ್ಟ. ಅವನಿದ್ದ ಚಾಳು ಗುರುತು ಸಿಗಲಿಲ್ಲ. ಮೂರೂ ಸಂಜೆ ಗಿರಗಾಂವ ಚೌಪಾಟಿಯಲ್ಲಿ ಕೂತೆವು. ಎರಡನೆಯ ಸಂಜೆ ಬುತ್ತಿ ಬಿಚ್ಚಿ, ಉಳಿದ ರೊಟ್ಟಿಯನ್ನೆಲ್ಲ ಸಮುದ್ರದ ಕಡೆ ಮುಖ ಮಾಡಿ ತಿಂದೆವು. ಯಾರಿಗೂ ಏನೂ ಕೊಳ್ಳಲಿಲ್ಲ. ಕೊಳ್ಳಬಾರದೆಂಬ ಹಟವೇನಿರಲಿಲ್ಲ, ಪುರಸೊತ್ತಾಗಲಿಲ್ಲ.

ಮನೆಗೆ ಬಂದಾಗ ಅವ್ವ ಬ್ಯಾಗನ್ನು ಎತ್ತಿ ತೂಗಿ ನೋಡಿದಳು. "ಹೋಗೂಮುಂದಕಿಂತ ಹಗೂರ ಆಗೇತಿ." ನಾನು ತಪ್ಪು ಮಾಡಿದವಳಂತೆ ನಿಂತೆ. ಆಮೇಲೆ ಕೇಳಿದಳು, "ಸಮುದ್ರ ನೋಡಿದಿ?" ನೋಡಿದೆ ಎಂದೆ. ಎಷ್ಟು ದೊಡ್ಡದು, ನೀರು ಹಿಂದಕ್ಕೆ ಹೇಗೆ ಹೋಗುತ್ತದೆ, ಕಾಲಡಿಯ ಉಸುಕು ಹೇಗೆ ಸರಿಯುತ್ತದೆ, ಎಲ್ಲ ಹೇಳಿಸಿಕೊಂಡಳು. ಮರುದಿನ ಪಕ್ಕದ ಮನೆಯವಳಿಗೆ ತಾನೇ ನೋಡಿದವಳಂತೆ ಹೇಳುತ್ತಿದ್ದಳು.

ಆ ಬ್ಯಾಗನ್ನು ಒಗೆದು ಅಟ್ಟಕ್ಕೆ ಹಾಕಿದ್ದೆ. ಜುಲೈಯಲ್ಲಿ ದೂಧಗಂಗೆಗೆ ಕೆಂಪು ನೀರು ಬಂತೆಂದು ಕೇಳಿದ ದಿನ ಅವ್ವ ಅದನ್ನು ಇಳಿಸಿಕೊಡು ಎಂದಳು. ಉತಾರ, ರೇಷನ್ ಕಾರ್ಡು, ಗುಳಿಗೆ, ಫೋಟೋ ಎಲ್ಲ ಒಂದೊಂದಾಗಿ ಇಟ್ಟಳು. ಈ ಸಲ ಒಂದು ಸೀರೆಯನ್ನೂ ಇಟ್ಟು, ಚೈನು ಎಳೆದು, ಮಂಚದ ಕೆಳಗೆ ಕೈಗೆ ಸಿಗುವಂತೆ ಸರಿಸಿದಳು.