ಪರದೆಯ ಮೇಲಿನ ಯೇಸು, ಜಗಲಿಯ ಮೇಲಿನ ಮಾತು

ನಮ್ಮ ಕಡೆ ಆಟ ನೋಡಿ ಬಂದವರು ಸುಮ್ಮನೆ ಮಲಗುವ ಪೈಕಿ ಅಲ್ಲ. ಬೆಳಗಿನ ಚಾ ಕುಡಿಯುತ್ತಲೇ ಕರ್ಣ ಮಾಡಿದ್ದು ಸರಿಯೇ, ಕೃಷ್ಣ ಆಡಿದ್ದು ನ್ಯಾಯವೇ ಎಂದು ಚರ್ಚೆ ಶುರುವಾಗುತ್ತದೆ. ಹೊನ್ನಾವರದ ಕೆರೆಮನೆಯಲ್ಲಿ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳ ಕಟ್ಟುವುದಕ್ಕೂ ಮೊದಲಿನಿಂದ ಈ ಚಾಳಿ ಇದೆ. ತಾಳಮದ್ದಳೆಯಲ್ಲಂತೂ ವೇಷವೂ ಇಲ್ಲ, ಕುಣಿತವೂ ಇಲ್ಲ. ಹಾಡು ಮತ್ತು ಮಾತು ಎರಡೇ. ಕಥೆ ಅರ್ಧ, ಅದರ ಮೇಲಿನ ಮಾತು ಇನ್ನರ್ಧ ಎಂದು ತಿಳಿದ ಜನ ನಾವು. ಸಿನೆಮಾ ಬಂದಾಗಲೂ ಈ ಅಭ್ಯಾಸ ಬಿಡಲಿಲ್ಲ. ಸಿನೆಮಾದ ನೆಪದಲ್ಲಿ ಕ್ರೈಸ್ತರ ನಂಬಿಕೆಯ ಬಗ್ಗೆ ಹುಟ್ಟಿದ ಮಾತುಗಳ ಕಥೆಯನ್ನು ಇಲ್ಲಿ ಹೇಳಬೇಕೆನಿಸಿದೆ.

ಮಿರ್ಜಾನಕ್ಕೆ ಈ ನಂಬಿಕೆ ಹೊಸದಲ್ಲ. ಅಘನಾಶಿನಿಯ ದಡದ ನಮ್ಮ ಕೋಟೆಯನ್ನು ನೋಡಲು ಬಂದವರಿಗೆಲ್ಲ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರು, ಅವಳ ಕಾಳುಮೆಣಸಿನ ವ್ಯಾಪಾರ, ಪೋರ್ಚುಗೀಸರ ಜೊತೆಗಿನ ಜಟಾಪಟಿ ಗೊತ್ತಾಗುತ್ತದೆ. ಮೆಣಸಿಗಾಗಿ ಬಂದ ಹಡಗುಗಳಲ್ಲೇ ಶಿಲುಬೆಯೂ ಬಂತು. 1681ರಿಂದ 1684ರವರೆಗೆ ಗೋವೆಯ ಪಾದ್ರಿ ಜೋಸೆಫ್ ವಾಜ್ ಈ ಕೆನರಾ ಕರಾವಳಿಯಲ್ಲಿ ಊರೂರು ತಿರುಗಿ ಚದುರಿಹೋಗಿದ್ದ ಕ್ರೈಸ್ತರನ್ನು ಒಗ್ಗೂಡಿಸಿದರು. 2015ರಲ್ಲಿ ಅವರನ್ನು ಸಂತರೆಂದು ಸಾರಲಾಯಿತು. ಇಷ್ಟು ಹಳೆಯ ನೆರೆಹೊರೆ ನಮ್ಮದು. ಚೌತಿಯ ಚಕ್ಕುಲಿ ಅವರ ಮನೆಗೆ ಹೋಗುತ್ತದೆ, ಕ್ರಿಸ್‌ಮಸ್‌ನ ತಿಂಡಿ ನಮ್ಮ ಮನೆಗೆ ಬರುತ್ತದೆ. ಆದರೆ ಒಂದು ಮಾತು ನಿಜ: ಅವರ ಅಡುಗೆ ನಮಗೆ ಗೊತ್ತು, ಅವರ ಪ್ರಾರ್ಥನೆ ಗೊತ್ತಿಲ್ಲ. ಕೇಳಿದರೆ ಏನೆಂದುಕೊಳ್ಳುತ್ತಾರೋ ಎಂಬ ಸಂಕೋಚ ನಮಗೆ. ಹೇಳಿದರೆ ಏನೆಂದುಕೊಳ್ಳುತ್ತಾರೋ ಎಂಬ ಅಂಜಿಕೆ ಅವರಿಗೆ.

ಈ ಸಂಕೋಚ ಮುರಿಯಲು ಕಥೆಯೇ ಬೇಕೆಂದು ಹಳೆಯ ಮಿಶನರಿಗಳಿಗೂ ಗೊತ್ತಿತ್ತು. ನಿಘಂಟಿನ ಕಿಟ್ಟೆಲ್ ಎಂದು ನಾವು ಬಲ್ಲ ಫರ್ಡಿನಾಂಡ್ ಕಿಟ್ಟೆಲ್, 1894ರ ಆ ದೊಡ್ಡ ನಿಘಂಟಿಗೂ ಮೂರು ದಶಕ ಮೊದಲು, 1862ರಲ್ಲಿ 'ಕಥಾಮಾಲೆ' ಎಂಬ ಪುಸ್ತಕ ಬರೆದಿದ್ದರು. ಅದು ನಮ್ಮ ನಾಡಿನ ಪದ್ಯದ ಧಾಟಿಯಲ್ಲಿ ಹೇಳಿದ ಯೇಸುವಿನ ಕಥೆ. ಉಪದೇಶಕ್ಕೆ ಕಿವಿಗೊಡದವರು ಹಾಡಿಗೆ ಕಿವಿಗೊಟ್ಟಾರು ಎಂಬುದು ಇಂಥ ಬರವಣಿಗೆಯ ಹಿಂದಿನ ಲೆಕ್ಕ.

ಆಮೇಲೆ ಬಂದದ್ದು ಚಲಿಸುವ ಚಿತ್ರ. ಇಲ್ಲಿ ನಾವು ಹೆಂಗಸರು ನೆನಪಿಡಬೇಕಾದ ಸಂಗತಿಯೊಂದಿದೆ. 1906ರಲ್ಲಿ ಫ್ರಾನ್ಸಿನಲ್ಲಿ ಯೇಸುವಿನ ಬದುಕನ್ನು ಇಪ್ಪತ್ತೈದು ದೃಶ್ಯಗಳಲ್ಲಿ ಚಿತ್ರಿಸಿದ ನಿರ್ದೇಶಕಿ ಒಬ್ಬ ಹೆಂಗಸು, ಅಲಿಸ್ ಗೀ. 1912ರಲ್ಲಿ ಅಮೆರಿಕದ ಕಂಪನಿಯೊಂದು ಪ್ಯಾಲೆಸ್ತೀನಿಗೆ, ಈಜಿಪ್ತಿಗೆ ಹೋಗಿ 'ಫ್ರಂ ದಿ ಮ್ಯಾಂಜರ್ ಟು ದಿ ಕ್ರಾಸ್' ತೆಗೆಯಿತು. ಅದರ ಚಿತ್ರಕಥೆ ಬರೆದವಳೂ ಮರಿಯಳ ಪಾತ್ರ ಮಾಡಿದವಳೂ ಜೀನ್ ಗಾಂಟಿಯರ್ ಎಂಬ ಒಬ್ಬಳೇ ಹೆಂಗಸು.

ಇಂಥ ಚಿತ್ರಗಳು ಮುಂಬಯಿಗೂ ಬಂದವು. 1910–11ರ ಸುಮಾರಿಗೆ ಗಿರಗಾಂವದ ಡೇರೆಯಲ್ಲಿ ಧುಂಡಿರಾಜ ಗೋವಿಂದ ಫಾಲ್ಕೆಯವರು ಕ್ರಿಸ್ತನ ಜೀವನದ ಚಿತ್ರ ನೋಡಿದರು. ಕಣ್ಣೆದುರು ಕ್ರಿಸ್ತ ನಡೆದು ಹೋಗುತ್ತಿದ್ದರೆ, ತನ್ನ ಮನಸ್ಸಿನಲ್ಲಿ ಕೃಷ್ಣನೂ ರಾಮನೂ, ಗೋಕುಲವೂ ಅಯೋಧ್ಯೆಯೂ ಓಡುತ್ತಿದ್ದವು ಎಂದು ಅವರೇ ಮುಂದೆ ಬರೆದರು. ಹೆಂಡತಿ ಸರಸ್ವತಿಬಾಯಿಯನ್ನೂ ಕರೆದೊಯ್ದು ಮತ್ತೆ ನೋಡಿದರು. ಆ ತಾಯಿ ತನ್ನ ಒಡವೆ ಕೊಟ್ಟಳು, ಕಲಾವಿದರಿಗೆಲ್ಲ ಅಡುಗೆ ಮಾಡಿ ಹಾಕಿದಳು, ರಾತ್ರಿ ಕೂತು ಫಿಲ್ಮಿಗೆ ತೂತು ಹೊಡೆಯುವ ಕೆಲಸವನ್ನೂ ಕಲಿತಳು. 1913ರ ಮೇ 3ರಂದು 'ರಾಜಾ ಹರಿಶ್ಚಂದ್ರ' ತೆರೆ ಕಂಡಿತು. ಯೋಚಿಸಿ ನೋಡಿ: ಯೇಸುವಿನ ಕಥೆ ನೋಡಿದ ಮನುಷ್ಯ ಕ್ರೈಸ್ತನಾಗಲಿಲ್ಲ, ತನ್ನ ಮನೆಯ ದೇವರನ್ನು ಹೊಸ ಕಣ್ಣಿನಿಂದ ನೋಡಿದ. ಒಳ್ಳೆಯ ಕಥೆ ಮಾಡುವ ಕೆಲಸ ಇದೇ ಎಂದು ನನಗನಿಸುತ್ತದೆ.

ಉದ್ದೇಶ ಇಟ್ಟುಕೊಂಡೇ ತೋರಿಸಿದ ಚಿತ್ರಗಳೂ ಇದ್ದವು. ಲೂಕನ ಸುವಾರ್ತೆಯನ್ನು ಆಧರಿಸಿ 1979ರಲ್ಲಿ ಬಂದ 'ಜೀಸಸ್' ಚಿತ್ರ ಕನ್ನಡವೂ ಸೇರಿ ಈವರೆಗೆ 2000ಕ್ಕೂ ಹೆಚ್ಚು ಭಾಷೆಗಳಲ್ಲಿ ಮಾತಾಡಿದೆ. ಅದಕ್ಕೂ ನಮ್ಮ ನೆಲಕ್ಕೆ ಹತ್ತಿರವಾದದ್ದು 1978ರ ತೆಲುಗು ಚಿತ್ರ 'ಕರುಣಾಮಯುಡು'. ಎ. ಭೀಮ್‌ಸಿಂಗ್ ಅದರ ನಿರ್ದೇಶಕರು. ಮುಸಲ್ಮಾನರ ಮನೆಯಲ್ಲಿ ಬೆಳೆದ ಹುಡುಗ, ಕ್ರೈಸ್ತರ ಮನೆಯಲ್ಲಿ ಬೆಳೆದ ಹುಡುಗಿಯ ಕಥೆಯಾದ ತಮಿಳಿನ 'ಪಾವ ಮನ್ನಿಪ್ಪು' ಚಿತ್ರವನ್ನು 1961ರಲ್ಲೇ ಮಾಡಿದ್ದವರು. ಯೇಸುವಾದ ನಟ ವಿಜಯಚಂದರ್ ಮುಂದೆ 1986ರಲ್ಲಿ ಶಿರಡಿ ಸಾಯಿಬಾಬಾ ಕೂಡ ಆದರು. ಹಾಡು, ಅಳು, ಪವಾಡ ಎಲ್ಲ ನಮ್ಮ ಪೌರಾಣಿಕ ಚಿತ್ರಗಳ ರೀತಿಯಲ್ಲೇ ಇತ್ತು. ಹಿಂದಿಯಲ್ಲಿ ಅದು 'ದಯಾಸಾಗರ್' ಆಯಿತು. ಸಂಚಾರಿ ತಂಡಗಳು ಪ್ರೊಜೆಕ್ಟರ್ ಹೊತ್ತು ಹಳ್ಳಿಹಳ್ಳಿಗೆ ಹೋಗಿ ಬಯಲಿನಲ್ಲಿ ಪರದೆ ಕಟ್ಟಿ ತೋರಿಸಿದವು.

ಆದರೆ ನಮ್ಮ ಮನೆಯಲ್ಲಿ ಮಾತು ಹುಟ್ಟಿಸಿದ್ದು ಇವುಗಳಲ್ಲ, ದುಡ್ಡು ಕೊಟ್ಟು ನೋಡುವ ಸಾಮಾನ್ಯ ಸಿನೆಮಾಗಳು. ಪುಟ್ಟಣ್ಣ ಕಣಗಾಲರ 'ನಾಗರಹಾವು' 1972ರಲ್ಲಿ ಬಂತು. ರಾಮಾಚಾರಿ ಮತ್ತು ಮಾರ್ಗರೆಟ್ ಒಂದಾಗಲಾರದೆ ದುರ್ಗದ ಕಲ್ಲುಬಂಡೆಗಳ ನಡುವೆ ಮುಗಿದುಹೋದದ್ದನ್ನು ಕನ್ನಡದ ಹೆಂಗಸರು ಮರೆತಿಲ್ಲ. 1977ರಲ್ಲಿ ಮನಮೋಹನ ದೇಸಾಯಿಯವರ 'ಅಮರ್ ಅಕ್ಬರ್ ಆಂಟನಿ' ಬಂತು. ಇದನ್ನು ನಾವು ನೋಡಿದ್ದು ಹತ್ತು ವರ್ಷಗಳ ನಂತರ, ನೆರೆಮನೆಯ ಬಾಯಿಯ ಮಗ ಗಲ್ಫಿನಿಂದ ತಂದ ವಿ.ಸಿ.ಆರ್.ನಲ್ಲಿ. ಅವಳನ್ನು ಕೇರಿಯವರೆಲ್ಲ 'ಬಾಯಿ' ಎಂದೇ ಕರೆಯುತ್ತಿದ್ದರು.

ಆಂಟನಿ ಸಾರಾಯಿ ಅಂಗಡಿ ನಡೆಸುವವನು. ಗಳಿಸಿದ್ದರಲ್ಲಿ ದೇವರಿಗೂ ಪಾಲು ಇಡುತ್ತಾನೆ. ನನ್ನ ಆಯಿ ನಗುತ್ತ ಕೇಳಿದಳು, "ಅಲ್ದೇ ಬಾಯಿ, ಹೀಂಗೆ ಪಾಲು ಕೊಟ್ರೆ ನಿಮ್ಮ ದೇವ್ರು ಒಪ್ತ್ನನೇ?"

ಬಾಯಿ ನಗಲಿಲ್ಲ. "ಅದು ಸಿನೆಮಾ ಅಕ್ಕ. ನಮ್ಮ ಶಾಸ್ತ್ರದಲ್ಲಿ ಹಾಂಗಿಲ್ಲ. ಕಾಣಿಕೆ ಇಡೂಕೆ ಹೋದಾಗ, ಒಡಹುಟ್ಟಿದವ್ರಿಗೆ ನಮ್ಮ ಮೇಲೆ ಬೇಜಾರಿದೆ ಅಂತ ನೆನಪಾದ್ರೆ, ಕಾಣಿಕೆ ಅಲ್ಲೇ ಬಿಟ್ಟು ಮೊದ್ಲು ಅವ್ರ ಸಂಗ್ತಿಗೆ ರಾಜಿ ಆಗಿ ಬಾ ಅಂತಾರೆ. ನಾನು ನಾದಿನಿ ಕೂಡೆ ಮಾತು ಬಿಟ್ಟು ಹನ್ನೊಂದು ವರ್ಷ ಆಗಿತ್ತು. ಅವಳ ಮನೆ ಮೆಟ್ಟಿಲು ಹತ್ತುವಾಗ ಕಾಲು ನಡುಗ್ತು. ದುಡ್ಡು ಕೊಡೂದು ಅದ್ಕಿಂತ ಸುಲಭ."

ಆಯಿ ಉತ್ತರ ಕೊಡಲಿಲ್ಲ. ತೋಟದ ಪಾಲಿನ ಜಗಳದಲ್ಲಿ ಅವಳೂ ಅಣ್ಣನ ಮನೆಗೆ ಹೋಗುವುದು ಬಿಟ್ಟು ಬಹಳ ವರ್ಷವಾಗಿತ್ತು. ಆ ವರ್ಷದ ದೀಪಾವಳಿಗೆ ನನ್ನನ್ನು ಜೊತೆಗೆ ಕರೆದುಕೊಂಡು ತವರಿಗೆ ಹೊರಟಳು. ಮಾವ ಏನೂ ಕೇಳಲಿಲ್ಲ. ಬಾವಿಯಿಂದ ತಾನೇ ನೀರು ಸೇದಿ ತಂಗಿಯ ಕಾಲಿಗೆ ಕೊಟ್ಟ. ಆಯಿ ಕೊನೆಯವರೆಗೂ ತುಳಸಿಗೆ ನೀರು ಹಾಕಿಯೇ ತಿಂಡಿ ತಿಂದವಳು. ಬಾಯಿಯ ಮಾತಿನಿಂದ ಅವಳ ದೇವರು ಬದಲಾಗಲಿಲ್ಲ, ಅಣ್ಣ ಸಿಕ್ಕಿದ.

ಈಗ ಇಂಥ ಮಾತು ಅಷ್ಟು ಸಲೀಸಲ್ಲ. 1993ರಲ್ಲಿ ಭಟ್ಕಳದ ಗಲಭೆ ತಿಂಗಳುಗಟ್ಟಲೆ ನಡೆಯಿತು. 2008ರಲ್ಲಿ ಮಂಗಳೂರಿನ ಸುತ್ತ ಚರ್ಚುಗಳ ಮೇಲೆ ದಾಳಿಗಳಾದವು. ಅಂದಿನಿಂದ ಯೇಸುವಿನ ಚಿತ್ರ ತೋರಿಸುತ್ತೇವೆಂದರೆ ಮತಾಂತರದ ಗುಮಾನಿ. ನೋಡುವುದಿಲ್ಲವೆಂದರೆ ದ್ವೇಷದ ಗುಮಾನಿ. ಇದಕ್ಕೆ ಕಾರಣಗಳು ಎರಡೂ ಕಡೆ ಇವೆ. ಗಾಳದ ತುದಿಗೆ ಸಿಕ್ಕಿಸಿದ ಎರೆಯ ಹಾಗೆ ಕಥೆಯನ್ನು ಬಳಸಿದರೆ ಮೀನಿಗೂ ಸಿಟ್ಟು ಬರುತ್ತದೆ. ಹಾಗೆಂದು ಎದುರಿಗಿರುವವರೆಲ್ಲ ಗಾಳ ಹಿಡಿದೇ ಕೂತಿದ್ದಾರೆಂದು ತಿಳಿದರೆ ಬಾಯಿಯಂಥವರ ಬಾಯಿ ಕಟ್ಟುತ್ತದೆ. ಆಯಿ ಪ್ರಶ್ನೆ ಕೇಳಿದ್ದಳು, ಆದ್ದರಿಂದ ಬಾಯಿ ಹೇಳಿದಳು. ಹೇಳಿದ್ದೂ ತನ್ನ ಗೆಲುವಿನ ಕಥೆಯಲ್ಲ, ಕಾಲು ನಡುಗಿದ ಕಥೆ.

ಮೂವತ್ತು ವರ್ಷ ಮೇಷ್ಟರಿಕೆ ಮಾಡಿದ್ದೇನೆ. ನನ್ನ ತರಗತಿಯಲ್ಲಿ ನಾಯ್ಕರ, ಗೌಡರ, ನವಾಯತರ, ಕ್ರೈಸ್ತರ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಸಿನೆಮಾದ ಪಾದ್ರಿ ಯಾಕೆ ಹಾಗೆ ಕೈ ಆಡಿಸಿದ ಎಂದು ಒಬ್ಬ ಕೇಳಿದರೆ ನಾನು ಉತ್ತರಿಸುವುದಿಲ್ಲ. ಪಕ್ಕದಲ್ಲಿ ಕೂತ ಗೆಳತಿಯನ್ನೇ ಕೇಳು ಎನ್ನುತ್ತೇನೆ. ಅವಳು ನಾಚುತ್ತಲೇ ಶುರು ಮಾಡುತ್ತಾಳೆ. ಸ್ವಲ್ಪ ಹೊತ್ತಿಗೆ ಅವಳೂ ತಿರುಗಿ ಪ್ರಶ್ನೆ ಕೇಳುತ್ತಾಳೆ: ನೀವು ಆರತಿಗೆ ಕೈ ಒಡ್ಡಿ ಕಣ್ಣಿಗೆ ಒತ್ತಿಕೊಳ್ಳುವುದು ಯಾಕೆ? ಹುಡುಗನಿಗೆ ಗೊತ್ತಿಲ್ಲ. ಮನೆಗೆ ಹೋಗಿ ಅಜ್ಜಿಯನ್ನು ಕೇಳಿ ಬರುತ್ತೇನೆ ಎನ್ನುತ್ತಾನೆ.

ಈಗ ಮನೆಯ ನಾಲ್ಕು ಜನ ನಾಲ್ಕು ಮೊಬೈಲಿನಲ್ಲಿ ನಾಲ್ಕು ಸಿನೆಮಾ ನೋಡುತ್ತೇವೆ. ನೋಡುವುದಕ್ಕೆ ಕೊರತೆಯಿಲ್ಲ, ನೋಡಿದ ಮೇಲೆ ಕೇಳುವುದಕ್ಕೆ ಪಕ್ಕದಲ್ಲಿ ಯಾರೂ ಇರುವುದಿಲ್ಲ. ಮುಂದಿನ ಸಲ ಚರ್ಚಿನ ದೃಶ್ಯವೋ, ಮಸೀದಿಯ ದೃಶ್ಯವೋ ಬಂದಾಗ ಅನುಮಾನ ಹುಟ್ಟಿದರೆ ಮೊಬೈಲಿನಲ್ಲಿ ಹುಡುಕಬೇಡಿ. ಚಕ್ಕುಲಿಯ ಡಬ್ಬಿ ವಾಪಸು ಕೊಡುವ ನೆಪದಲ್ಲಾದರೂ ಬೇಲಿ ದಾಟಿ ಹೋಗಿ ಕೇಳಿ.